ಒಂದಕ್ಕ

ಮಗಳನ್ನು ಪ್ರೀಸ್ಕೂಲಿಗೆ ಸೇರಿಸುವಾಗ ತುಂಬಿಕೊಟ್ಟ ಫಾರಮ್ಮಿನಲ್ಲಿ ನಾನೊಂದು ಸುಳ್ಳು ಬರೆದಿದ್ದೆ. ದೊಡ್ಡ ಸುಳ್ಳೇನಲ್ಲ. ‘ಮನೆಯಲ್ಲಿ ಆಡುವ ಭಾಷೆ’ ಎಂಬ ಕಾಲಮ್ಮಿನಲ್ಲಿ ಮೊದಲು ಇಂಗ್ಲಿಷ್, ಆಮೇಲೆ ಕನ್ನಡ ಎಂದು ಬರೆದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಅದನ್ನು ಓದಿ ನನ್ನ ಮುಖ ನೋಡಿದಳು. “ಇಂಗ್ಲಿಷಿನ್ಯಾಗ ಯಾವಾಗ ಮಾತಾಡೇವಿ ನಾವು?” ಎಂದು ಪಿಸುಗುಟ್ಟಿದಳು. “ಮೊನ್ನೆ ಜಗಳ ಆಡಿದ್ವೆಲ್ಲ, ಆವಾಗ” ಎಂದೆ. ನಕ್ಕಳು. ಅದರ ಕೆಳಗಿನ ಪ್ರಶ್ನೆ, ಮಗುವಿಗೆ ಶೌಚದ ಅಭ್ಯಾಸ ಆಗಿದೆಯೇ ಎಂಬುದು. ಅದಕ್ಕೆ ‘ಹೌದು’ ಎಂದು ಬರೆದದ್ದು ಮಾತ್ರ ನೂರಕ್ಕೆ ನೂರು ನಿಜ. ಆ ಸುಳ್ಳೂ ಈ ನಿಜವೂ ಒಂದರ ಕೆಳಗೊಂದು ಕೂತು ಮುಂದೆ ಏನು ಮಾಡಲಿವೆ ಎಂದು ಆಗ ಗೊತ್ತಿರಲಿಲ್ಲ.

ಆ ಅಭ್ಯಾಸ ಮಾಡಿಸಿದವಳು ನಮ್ಮವ್ವ. ಮಗಳಿಗೆ ಆಕೆ ಆಯಿ. ಮಗಳು ಏಳು ತಿಂಗಳಿನವಳಿದ್ದಾಗ ನವಲಗುಂದದ ಹತ್ತಿರದ ನಮ್ಮೂರಿನಿಂದ ಬಂದು ಸರ್ಜಾಪುರ ರಸ್ತೆಯ ಈ ಒಂಬತ್ತನೇ ಮಹಡಿಯ ಮನೆಯಲ್ಲಿ ಎರಡು ವರ್ಷ ಕಾಲ ಕಳೆದವಳು. ಅವಳಿಗೆ ಡೈಪರ್ ಅಂದರೆ ಆಗುತ್ತಿರಲಿಲ್ಲ. “ಕೂಸಿನ ಕುಂಡಿಗೆ ಗಾಳಿ ಬ್ಯಾಡೇನ?” ಎನ್ನುತ್ತಿದ್ದಳು. ಹೊತ್ತು ಹೊತ್ತಿಗೆ ಎತ್ತಿಕೊಂಡು ಹೋಗಿ, ಸ್ಸ್ ಅಂತ ಸೀಟಿ ಹೊಡೆದು, ಎರಡು ತುಂಬುವ ಮೊದಲೇ ಮಗಳಿಗೆ ಹೇಳಿ ಹೋಗುವುದನ್ನು ಕಲಿಸಿದಳು. “ಆಯಿ, ಒಂದಕ್ಕ” ಎಂದರೆ ಸಾಕು, ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ಬರುತ್ತಿದ್ದಳು. ನಮಗಿಬ್ಬರಿಗೂ ಆಫೀಸು. ಹಾಗಾಗಿ ಮಗಳು ಆಡಿದ ಮಾತೆಲ್ಲ ಆಯಿಯ ಮಾತೇ. ನೀರಡಿಕಿ, ಹೊಟ್ಟಿಬ್ಯಾನಿ, ಬ್ಯಾಡ, ಒಲ್ಲೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರಾದರೂ ಗಲ್ಲ ಹಿಂಡಿದರೆ “ಒಲ್ಲೆವಾ” ಎನ್ನುತ್ತಿದ್ದಳು. ಅವರು ಅದನ್ನು ಅವಳ ಹೆಸರು ಅಂದುಕೊಂಡು “ಸೋ ಕ್ಯೂಟ್” ಎನ್ನುತ್ತಿದ್ದರು.

ಈ ವರ್ಷ ಅಪ್ಪನಿಗೆ ಮೊಣಕಾಲು ನೋವು ಜಾಸ್ತಿಯಾಯಿತು. ಹೆಸರು ಬಿತ್ತುವ ಹೊತ್ತಿಗೆ ಮನೆಯಲ್ಲಿ ಯಾರೂ ಇಲ್ಲ ಎಂದರೆ ಹೇಗೆ? “ಮಿರಗ ಕೂಡೋದ್ರೊಳಗ ನಾ ಊರಾಗಿರಬೇಕು” ಎಂದು ಅವ್ವ ಹೇಳಿಬಿಟ್ಟಳು. ಮಗಳಿಗೆ 2 ವರ್ಷ 10 ತಿಂಗಳು. ಶಾಲೆಗೆ ಹಾಕುವುದೆಂದು ತೀರ್ಮಾನವಾಯಿತು. ಅವ್ವ ಹುಬ್ಬಳ್ಳಿ ರೈಲು ಹತ್ತಿದ್ದು ಶನಿವಾರ ರಾತ್ರಿ, ಮಗಳ ಶಾಲೆ ಶುರುವಾದದ್ದು ಸೋಮವಾರ ಬೆಳಿಗ್ಗೆ. ನಡುವೆ ಒಂದು ಭಾನುವಾರ. ಆ ಭಾನುವಾರವಿಡೀ ಮಗಳು ಆಯಿ ಮಲಗುತ್ತಿದ್ದ ಕೋಣೆಯ ಬಾಗಿಲು ತೆಗೆದು ಹಾಕಿ ಮಾಡುತ್ತಿದ್ದಳು. ಈಗ ಯೋಚಿಸಿದರೆ ಎರಡು ಅಗಲಿಕೆಗಳನ್ನು ಒಂದೇ ವಾರಕ್ಕೆ ಇಟ್ಟ ನಮ್ಮ ಜಾಣತನಕ್ಕೆ ಏನನ್ನಬೇಕೋ ತಿಳಿಯುವುದಿಲ್ಲ. ಆಗ ಅದು ಕ್ಯಾಲೆಂಡರಿನಲ್ಲಿ ಸರಿಯಾಗಿ ಹೊಂದಿಕೊಂಡಿತ್ತು, ಅಷ್ಟೆ.

ಶಾಲೆಯ ಬೋರ್ಡಿನ ಮೇಲೆ, ಬೆಂಗಳೂರಿನ ಬೀದಿಬೀದಿಯಲ್ಲಿ ಇರುವಂತೆ, ಮಾಂಟೆಸ್ಸರಿ ಎಂಬ ಪದವಿತ್ತು. ಮರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತೆರೆದ ಮೊದಲ ಶಾಲೆಗೆ ಇಟ್ಟ ಹೆಸರಿನ ಅರ್ಥ ‘ಮಕ್ಕಳ ಮನೆ’. ದುಡಿಯಲು ಹೋದ ತಂದೆತಾಯಿಗಳ ಮಕ್ಕಳಿಗೆ ಹಗಲು ಒಂದು ನೆಲೆ ಬೇಕಾಗಿತ್ತು. ನಾವೂ ದುಡಿಯಲು ಹೋಗುವವರೇ. ಆದರೆ ಮೊದಲ ಕಂತಿನ ಫೀಸು ಕಟ್ಟಿ ರಸೀದಿ ಮಡಚುವಾಗ, ನನ್ನ ಡಿಗ್ರಿ ಮುಗಿಸಲು ಅಪ್ಪ ಮಾಡಿದ ಒಟ್ಟು ಖರ್ಚು ನೆನಪಾಗಿ ಸುಮ್ಮನಾದೆ.

ಮೊದಲ ದಿನ ಒಂದು ಗಂಟೆ ಮಾತ್ರ. ಹೆಂಡತಿಯ ಕ್ಯಾಬು ಏಳೂಮುಕ್ಕಾಲಿಗೇ ಬರುವುದರಿಂದ ಬಿಟ್ಟು ಬರುವ ಕೆಲಸ ನನ್ನದು. ಗೇಟಿನ ಹತ್ತಿರ ಒಂದು ದೊಡ್ಡ ಮೇಳವೇ ನೆರೆದಿತ್ತು. ಅಳುವ ಮಕ್ಕಳು, ಅವರಿಗಿಂತ ಜೋರಾಗಿ ಸಮಾಧಾನ ಮಾಡುವ ಅಪ್ಪ ಅಮ್ಮಂದಿರು, ಮಗುವಿನ ಕೈಗೆ ಮೊಬೈಲು ಕೊಟ್ಟು ಕಸಿದುಕೊಳ್ಳುವ ಅಜ್ಜಂದಿರು. ನನ್ನ ಮಗಳು ಅಳಲಿಲ್ಲ. ನನ್ನ ಅಂಗಿಯ ಎರಡನೇ ಗುಂಡಿಯನ್ನು ಹಿಡಿದುಕೊಂಡಳು. ಮಿಸ್ಸು ಎತ್ತಿಕೊಂಡಾಗ ಗುಂಡಿ ಅವಳ ಕೈಯಲ್ಲೇ ಹೋಯಿತು. ಆಮೇಲೆ ಅತ್ತಳು. ಎರಡನೇ ದಿನ ಮನೆಯ ಬಾಗಿಲಲ್ಲೇ ಅಳು.

ಮೂರನೇ ದಿನ ಪವಾಡವೊಂದು ನಡೆಯಿತು. ನನ್ನ ಹೆಗಲ ಮೇಲೆ ಮುಖ ಹುದುಗಿಸಿ ಬಿಕ್ಕುತ್ತಿದ್ದವಳು ಗೇಟಿನ ಒಳಗಿನಿಂದ ಯಾರೋ “ಆಯಾ! ಆಯಾ!” ಎಂದು ಕರೆದದ್ದೇ ತಡ, ತಲೆ ಎತ್ತಿದಳು. ಅಳು ನಿಂತಿತು. ಜಾರಿ ಕೆಳಗಿಳಿದು, ಚೀಲ ಎಳೆದುಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಓಡಿದಳು. ನಾನು ಹೆಂಡತಿಗೆ ಮೆಸೇಜು ಹಾಕಿದೆ: ‘ಗೆದ್ದೆವು.’ ಹತ್ತು ಗಂಟೆಗೆ ಕರೆತರಲು ಹೋದರೆ ಅವಳ ದನಿ ಬಿದ್ದುಹೋಗಿತ್ತು. ಉಳಿದ ದಿನಗಳಿಗಿಂತ ಹೆಚ್ಚು ಅತ್ತಿದ್ದಾಳೆ, ಬಾತ್‌ರೂಮಿನ ಬಾಗಿಲು, ಸ್ಟೋರ್ ರೂಮಿನ ಬಾಗಿಲು ಎಲ್ಲ ತಳ್ಳಿ ತಳ್ಳಿ ನೋಡುತ್ತಿದ್ದಳು, ಯಾಕೋ ಗೊತ್ತಾಗಲಿಲ್ಲ ಎಂದರು ಮಿಸ್ಸು. ದಾರಿಯಲ್ಲಿ ಬೈಕಿನ ಟ್ಯಾಂಕಿನ ಮೇಲೆ ಕೂತು ಮಗಳು ಒಂದೇ ಮಾತು ಹೇಳಿದಳು, “ಆಯಿ ಇಲ್ಲ ಅಲ್ಲೆ.” ನನಗೆ ಅರ್ಥವಾಗಲಿಲ್ಲ. “ಆಯಿ ಊರಾಗದಾಳಲ್ಲ ಚಿನ್ನಿ” ಎಂದೆ. ಅರ್ಥವಾದದ್ದು ರಾತ್ರಿ ಪಾತ್ರೆ ತೊಳೆಯುವಾಗ. ಸೋಪಿನ ಕೈಯಲ್ಲಿ ಹಾಗೇ ನಿಂತುಬಿಟ್ಟೆ.

ಎರಡನೇ ವಾರ ಪೂರ್ತಿ ಅರ್ಧ ದಿನದ ಶಾಲೆ, ಒಂಬತ್ತರಿಂದ ಹನ್ನೆರಡೂವರೆ. ಮಗಳು ಅಳುವುದನ್ನು ನಿಲ್ಲಿಸಿದಳು. ಹೆಗಲಿನಿಂದ ಇಳಿಸಿದರೆ ಇಳಿಯುತ್ತಿದ್ದಳು, ಒಳಗೆ ನಡೆ ಎಂದರೆ ನಡೆಯುತ್ತಿದ್ದಳು. ಶಾಲೆಯ ಆ್ಯಪಿನಲ್ಲಿ ದಿನವೂ ಒಂದು ಫೋಟೊ, ಕೆಳಗೆ ಎರಡು ಸಾಲು. ‘ಚೆನ್ನಾಗಿ ಹೊಂದಿಕೊಂಡಿದ್ದಾಳೆ’, ‘ತುಂಬಾ ಶಾಂತ ಮಗು.’ ಮಂಗಳವಾರ ಬಂದ ಸಂದೇಶ ಇನ್ನೂ ಸಂಭ್ರಮದ್ದು. ‘ನಿಮ್ಮ ಮಗಳಿಗೆ ಲೆಕ್ಕದಲ್ಲಿ ಬಹಳ ಆಸಕ್ತಿ! ತಾನಾಗಿ ಬಂದು ಕನ್ನಡದಲ್ಲಿ ಒಂದು ಎನ್ನುತ್ತಾಳೆ. ನಾನು ಎರಡು ಎಂದರೆ ಒಪ್ಪುವುದಿಲ್ಲ, ಎರಡಲ್ಲ ಒಂದು ಎಂದು ನನ್ನನ್ನೇ ತಿದ್ದುತ್ತಾಳೆ. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು.’ ಮಿಸ್ಸು ಒಡಿಶಾದ ಹುಡುಗಿ, ಬೆಂಗಳೂರಿಗೆ ಬಂದು ವರ್ಷವಾಗಿರಬೇಕು. ತರಕಾರಿ ಅಂಗಡಿಯಲ್ಲಿ ಕನ್ನಡದ ಎಣಿಕೆ ಕಲಿತಿದ್ದರು. ನಾನು ಆ ಸಂದೇಶವನ್ನು ಹೆಮ್ಮೆಯಿಂದ ಮನೆಯವರ ಗ್ರೂಪಿಗೆ ಹಾಕಿದೆ. ‘ಅಜ್ಜನ ಹಂಗ ಲೆಕ್ಕದಾಗ ಚುರುಕು’ ಎಂದು ಕಾಕಾ ಬರೆದರು. ಏಳು ಜನ ಹೆಬ್ಬೆರಳು ಎತ್ತಿದರು.

ಕಾಣಬೇಕಾದವು ಕಣ್ಣೆದುರೇ ಇದ್ದವು. ನೀರಿನ ಬಾಟಲಿ ಬೆಳಿಗ್ಗೆ ತುಂಬಿ ಕಳಿಸಿದಷ್ಟೇ ತುಂಬಿ ವಾಪಸು ಬರುತ್ತಿತ್ತು. ಎಷ್ಟು ಅಚ್ಚುಕಟ್ಟು, ಚೆಲ್ಲಿಕೊಳ್ಳುವುದಿಲ್ಲ ಎಂದುಕೊಂಡೆ. ಮನೆಗೆ ಬಂದ ಕೂಡಲೇ ಬೂಟು ಸಹ ಬಿಚ್ಚದೆ ಬಚ್ಚಲಿಗೆ ಓಡುತ್ತಿದ್ದಳು. ಶಿಸ್ತು ಎಂದುಕೊಂಡೆ. ಗುರುವಾರ ಬದಲಿ ಚಡ್ಡಿಯಲ್ಲಿ ಬಂದಳು, ಒದ್ದೆಯಾದದ್ದು ಚೀಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟಿತ್ತು. ‘ಈ ವಯಸ್ಸಿಗೆ ಸಹಜ, ಬೈಯಬೇಡಿ’ ಎಂದು ಚೀಟಿ. ನಾವು ಬೈಯಲಿಲ್ಲ. ಆದರೆ ಆ ದಿನ ಮಗಳು ಊಟ ಮಾಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಮಕ್ಕಳಿಗೆ ಅವಮಾನ ತಿಳಿಯುವುದಿಲ್ಲ ಎಂದು ಹೇಳಿದವರಾರೋ.

ಶನಿವಾರ ಜ್ವರ ಬಂತು. ಶಾಲೆಗೆ ಹೋದ ಮಕ್ಕಳಿಗೆ ಮೊದಮೊದಲು ಬರುವುದೇ ಎಂದು ಎಲ್ಲರೂ ಹೇಳಿದರು. ಆದರೆ ಶೀತ ಇಲ್ಲ, ಕೆಮ್ಮಿಲ್ಲ. ಉಚ್ಚೆ ಹೊಯ್ಯುವಾಗ ಕಾಲು ಬಿಗಿಹಿಡಿದು ಅತ್ತಳು. ಡಾಕ್ಟರು ಪರೀಕ್ಷೆ ಮಾಡಿಸಿ, ಮೂತ್ರದ ಸೋಂಕು ಎಂದರು. “ನೀರು ಕಡಿಮೆ ಕುಡಿತಾಳಾ? ತುಂಬ ಹೊತ್ತು ತಡ್ಕೊಳ್ತಾಳಾ?” ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಬಾಟಲಿ ನೆನಪಾಯಿತು. ಆಡಿಸುತ್ತಿದ್ದ ತಲೆ ಹಾಗೇ ನಿಂತಿತು.

ಆ ರಾತ್ರಿ ಒದ್ದೆ ಬಟ್ಟೆ ಹಣೆಗಿಟ್ಟು ಕೂತಿದ್ದಾಗ ಮೊಬೈಲಿನಲ್ಲಿ ಏನೇನೋ ಹುಡುಕಿದೆ. ಜೇಮ್ಸ್ ರಾಬರ್ಟ್‌ಸನ್ ಎಂಬಾತ 1952ರಲ್ಲಿ ತಯಾರಿಸಿದ ಒಂದು ಸಾಕ್ಷ್ಯಚಿತ್ರದ ಬಗ್ಗೆ ಸಿಕ್ಕಿತು. ಲಾರಾ ಎಂಬ ಎರಡೂವರೆ ವರ್ಷದೊಳಗಿನ ಮಗು ಸಣ್ಣ ಶಸ್ತ್ರಚಿಕಿತ್ಸೆಗೆಂದು ಲಂಡನ್ನಿನ ಆಸ್ಪತ್ರೆಯಲ್ಲಿ ಎಂಟು ದಿನ ಇರುತ್ತಾಳೆ. ಆ ಕಾಲದಲ್ಲಿ ಅಲ್ಲಿ ತಾಯಿ ಜೊತೆಗೆ ಉಳಿಯುವಂತಿರಲಿಲ್ಲ. ಆ ಮಗು ಹೆಚ್ಚು ಅಳುವುದಿಲ್ಲ, ತುಟಿ ಬಿಗಿದುಕೊಂಡು ತಡೆದುಕೊಳ್ಳುತ್ತದೆ. ಅತ್ತು ಅತ್ತು ಸುಮ್ಮನಾದ ಮಗುವನ್ನು ಆಸ್ಪತ್ರೆಗಳು ‘ಹೊಂದಿಕೊಂಡಿದೆ’ ಎಂದು ಕರೆಯುತ್ತಿದ್ದವು. ಸುಮ್ಮನಾಗುವುದು ಹೊಂದಿಕೊಂಡದ್ದಲ್ಲ, ಕೇಳುವುದನ್ನು ಬಿಟ್ಟದ್ದು ಎಂಬುದೇ ರಾಬರ್ಟ್‌ಸನ್ನರ ವಾದವಾಗಿತ್ತು. ಆಸ್ಪತ್ರೆಯೂ ಶಾಲೆಯೂ ಒಂದಲ್ಲ, ಎಂಟು ದಿನವೂ ಮೂರೂವರೆ ಗಂಟೆಯೂ ಒಂದಲ್ಲ. ಆದರೂ ಆ್ಯಪು ತೆರೆದು ಎರಡನೇ ವಾರದ ಫೋಟೊಗಳನ್ನು ಮತ್ತೆ ನೋಡಿದೆ. ಐದರಲ್ಲಿ ನಾಲ್ಕು ಫೋಟೊಗಳಲ್ಲಿ ಮಗಳು ಕಾಲಿನ ಮೇಲೆ ಕಾಲು ಹಾಕಿ ಒತ್ತಿ ಕೂತಿದ್ದಳು.

ಮರುವಾರ ಔಷಧದ ಬಾಟಲಿಯ ಜೊತೆ ಅವಳನ್ನು ಬಿಟ್ಟು ಹೊರಟಾಗ, ಗೇಟಿನ ಬದಿಯಲ್ಲಿ ಪೊರಕೆ ಹಿಡಿದಿದ್ದ ಹೆಂಗಸು “ಸರ” ಎಂದು ಕರೆದರು. ಮೇಲಿನ ಮಹಡಿಯ ದೊಡ್ಡ ಮಕ್ಕಳನ್ನು ನೋಡಿಕೊಳ್ಳುವ ಆಯಾ. ಸಿಂಧನೂರಿನ ಕಡೆಯವರು ಎಂದು ಮಾತಿನಲ್ಲೇ ತಿಳಿಯಿತು, ಆಮೇಲೆ ಅವರೇ ಹೇಳಿದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಅಂದರು, “ನಾ ಹೇಳಿದ್ನಿ ಅಂತ ಹೇಳಬ್ಯಾಡ್ರಿ ಸರ. ಮೊನ್ನಿ ಕೆಳಗಿನಾಕಿ ರಜಾ ಇತ್ತು, ನಾ ಕೆಳಗ ಇದ್ನಿ. ನಿಮ್ಮ ಕೂಸು ಒಂದಕ್ಕ, ಒಂದಕ್ಕ ಅಂತೈತ್ರಿ. ಮಿಸ್ಸು ಎರಡು, ಮೂರು ಅಂತ ಎಣಸಾಕ ಹಚ್ಚತಾರ. ಅದು ಎರಡಲ್ಲ, ಒಂದಕ್ಕ ಅಂತ ಅಳುಮಾರಿ ಮಾಡತೈತಿ. ಅವರು ಚಪ್ಪಾಳಿ ಹೊಡಿತಾರ.”

ನಾನು ಏನೂ ಹೇಳಲಾಗದೆ ನಿಂತೆ. “ನೀವು ಹೇಳಬೇಕಾಗಿತ್ತಲ್ರಿ ಅವರಿಗೆ” ಎಂದೆ ಕೊನೆಗೆ.

“ಮಕ್ಕಳ ಜೋಡಿ ಕನ್ನಡ ಮಾತಾಡಬ್ಯಾಡ್ರಿ ಅಂದಾರ್ರಿ ನಮಗ. ಅವತ್ತ ನಾನಾ ಕರಕೊಂಡು ಹೋದ್ನಿ. ನನಗೂ ಒಂದು ಐತ್ರಿ ಊರಾಗ, ಇದರ ವಾರಿಗೀದಾ. ನಮ್ಮವ್ವನ ಕಡೆ ಬಿಟ್ಟೇನಿ. ಅದಕ್ಕ ಕಿವಿ ಅಲ್ಲೇ ಇರತಾವ.”

ಬೈಕು ಹತ್ತಿದೆ, ಆಫೀಸಿನ ದಾರಿ ಹಿಡಿಯಲಿಲ್ಲ. ರಸ್ತೆ ಬದಿ ನಿಲ್ಲಿಸಿ ಒಂದು ಚಹಾ ಕುಡಿದೆ. ಹೆಮ್ಮೆಯಿಂದ ಗ್ರೂಪಿಗೆ ಹಾಕಿದ ಸಂದೇಶ ಇನ್ನೂ ಅಲ್ಲೇ ಇತ್ತು, ಏಳು ಹೆಬ್ಬೆರಳುಗಳ ಸಮೇತ. ಅಳಿಸಲು ಹೋದರೆ ಹೊತ್ತು ಮೀರಿತ್ತು.

ನಾನು ಮೊದಲು ಹೋದದ್ದು ಅಂಗನವಾಡಿಗೆ. ಕರ್ನಾಟಕದಲ್ಲಿ ಅಂಗನವಾಡಿಗಳು ಶುರುವಾದದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ನಮ್ಮೂರಿಗೆ ಬಂದದ್ದು ಆಮೇಲೆ, ನಾನು ಹೋಗುವಾಗ ಅದು ಹನುಮಪ್ಪನ ಗುಡಿಯ ಪಕ್ಕದ ಒಂದು ಕೋಣೆ. ಗೋಡೆಯ ಮೇಲೆ ಒಂದು ಆನೆ, ನೆಲದ ಮೇಲೆ ಒಂದು ಚಾಪೆ, ಮೂಲೆಯಲ್ಲಿ ಉಪ್ಪಿಟ್ಟಿನ ಪಾತ್ರೆ. ಇಂಗ್ಲಿಷ್ ಹೋಗಲಿ, ಅಲ್ಲಿ ಅಕ್ಷರ ಕಲಿತ ನೆನಪೂ ನನಗಿಲ್ಲ. ಆದರೆ ಕಿರುಬೆರಳು ಎತ್ತಿದರೆ ಅಕ್ಕೋರು “ಓಡು” ಎನ್ನುತ್ತಿದ್ದರು. ಗುಡಿಯ ಹಿಂದೆ ಜಾಲಿ ಗಿಡ, ಸಾಲಾಗಿ ನಿಂತ ನಾವು. ನಿಂತು ನಿಂತಲ್ಲೇ ಆಕಾಶ ನೋಡುತ್ತಿದ್ದ ನೆನಪು ಈಗಲೂ ಇದೆ. ಪರವೂರಿಗೆ ಹೋದರೂ, ಯಾವ ಭಾಷೆಯ ಮೇಷ್ಟ್ರು ಬಂದರೂ ಆ ಕಿರುಬೆರಳು ನಡೆಯುತ್ತಿತ್ತು. ಅದನ್ನು ನಾನು ಮಗಳಿಗೆ ಕಲಿಸಿರಲಿಲ್ಲ. ಮನೆಯಲ್ಲಿ ಅದರ ಅಗತ್ಯವೇ ಇರಲಿಲ್ಲ, ಆಯಿ ಇದ್ದಳು. ಶಾಲೆಯ ಸಂದರ್ಶನಕ್ಕೆಂದು ಎರಡು ತಿಂಗಳು ಕೂತು ನಾನು ಕಲಿಸಿದ್ದು ಬಣ್ಣಗಳು, ಹಣ್ಣುಗಳು, ಮೂಗು ಕಿವಿಗಳ ಇಂಗ್ಲಿಷ್ ಹೆಸರುಗಳು. ಆನೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಶಾಲೆಯಲ್ಲಿ ಅವಳಿಗೆ ಆನೆಯ ಅಗತ್ಯ ಬೀಳಲಿಲ್ಲ.

ಮಧ್ಯಾಹ್ನ ಮಿಸ್ಸನ್ನು ಕಂಡೆ. ಬೈಯಬೇಕೆಂದೇ ಹೋದದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದ ಕಡೆಯೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲೇ ಕಲಿಸಬೇಕು ಎನ್ನುತ್ತದಲ್ಲ ಎಂದು ಕೇಳುವವನಿದ್ದೆ. ಕೇಳಲಾಗಲಿಲ್ಲ. ಮೇಜಿನ ಮೇಲೆ ನನ್ನದೇ ಕೈಬರಹದ ಫಾರಮ್ಮು ಇತ್ತು: ಮೊದಲು ಇಂಗ್ಲಿಷ್, ಆಮೇಲೆ ಕನ್ನಡ. ಮಗಳು ಮನೆಯಲ್ಲಿ ಹೇಳಿದಳು ಎಂದು ಎರಡನೇ ಸುಳ್ಳು ಹೇಳಿ, ವಿಷಯ ತಿಳಿಸಿದೆ. ಒಂದಕ್ಕ ಎಂದರೇನು, ಎರಡಕ್ಕ ಎಂದರೇನು ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಹತ್ತೂವರೆಗೆ ಎಲ್ಲರನ್ನೂ ಸಾಲಾಗಿ ಕರೆದೊಯ್ಯುತ್ತೇವೆ, ಆಗ ಇವಳು ಬಾಗಿಲಲ್ಲೇ ನಿಂತು ಒಲ್ಲೆ ಎನ್ನುತ್ತಿದ್ದಳು, ಬಲವಂತ ಮಾಡಬಾರದೆಂದು ಬಿಟ್ಟೆ ಎಂದರು. ಕಣ್ಣು ತುಂಬಿತ್ತು. ಆಮೇಲೆ ತಮ್ಮ ಡೈರಿ ತೆಗೆದು, “ಇನ್ನೂ ಯಾವ ಯಾವ ಮಾತುಗಳಿವೆ, ಹೇಳಿ, ಬರೆದುಕೊಳ್ಳುತ್ತೇನೆ” ಎಂದರು.

ಹೇಳಿದೆ. ಒಂದಕ್ಕ. ಎರಡಕ್ಕ. ನೀರಡಿಕಿ. ಬ್ಯಾನಿ. ಒಲ್ಲೆ. ಸಾಕು. ಅವರು ಬರೆಯುವುದನ್ನು ಬಗ್ಗಿ ನೋಡಿದೆ. ಇಂಗ್ಲಿಷ್ ಅಲ್ಲ, ದುಂಡಗಿನ ಒಡಿಯಾ ಅಕ್ಷರಗಳು. ನಮ್ಮವ್ವನ ಮಾತುಗಳು ಅವರ ಅಕ್ಷರದ ಬಟ್ಟೆ ತೊಟ್ಟು ಸಾಲಾಗಿ ಕೂತವು. “ಏಳನೆಯದು?” ಎಂದರು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. “ಆಯಿ” ಎಂದೆ. “ಅಜ್ಜಿ. ನೀವು ಆಯಾ ಎಂದು ಕರೆದಾಗ ಅವಳು ಬಾಗಿಲು ತೆಗೆದು ನೋಡಿದ್ದು ಅದಕ್ಕೆ.” ಮಿಸ್ಸು ಬರೆಯುವುದನ್ನು ನಿಲ್ಲಿಸಿದರು. ತಮ್ಮೂರಿನಲ್ಲಿ ಅಜ್ಜಿಗೆ ಏನೆಂದು ಕರೆಯುತ್ತಾರೆ ಎಂದು ಹೇಳಿದರು. ಇಬ್ಬರೂ ಮುಂದೆ ಮಾತಾಡಲಿಲ್ಲ.

ಸೋಂಕು ವಾರದಲ್ಲಿ ವಾಸಿಯಾಯಿತು. ಬಾಟಲಿ ಮೊದಲು ಕಾಲುಭಾಗ, ಆಮೇಲೆ ಅರ್ಧ ಖಾಲಿಯಾಗಿ ಬರತೊಡಗಿತು. ಖಾಲಿ ಬಾಟಲಿ ನೋಡಿ ಇಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು. ಸಿಂಧನೂರಿನ ಆಯಾರನ್ನು ಕೆಳಗಿನ ಕ್ಲಾಸಿಗೆ ಹಾಕಿದರು. ಅದು ಹೇಗಾಯಿತೋ ನಾನು ಕೇಳಲಿಲ್ಲ, ಮಿಸ್ಸೂ ಹೇಳಲಿಲ್ಲ. ಮಗಳು ಅವರನ್ನು ಆಯಿ ಎನ್ನುವುದಿಲ್ಲ, ಉಳಿದವರಂತೆ ಆಯಾ ಎಂದೇ ಕರೆಯುತ್ತಾಳೆ. ಎರಡಕ್ಕೂ ವ್ಯತ್ಯಾಸ ಗೊತ್ತಾಗಿದೆ ಅವಳಿಗೆ. ಗೊತ್ತಾಗಿದ್ದಕ್ಕೆ ಸಮಾಧಾನ ಪಡಬೇಕೋ ಏನೋ.

ಐದನೇ ವಾರ ಆ್ಯಪಿನಲ್ಲಿ ಮಿಸ್ಸಿನ ಸಂದೇಶ ಬಂತು. ‘ಇವತ್ತು ಒಬ್ಬ ಹುಡುಗ ಓಡಿಬಂದು ಒಂದಕ್ಕ ಎಂದ. ಅವನ ಮನೆಮಾತು ಬಂಗಾಳಿ. ಈಗ ಕ್ಲಾಸಿನ ಹದಿನೆಂಟು ಮಕ್ಕಳೂ ಒಂದಕ್ಕ ಎಂದೇ ಕೇಳುತ್ತಾರೆ. ಮಲಯಾಳಿಗಳು, ತೆಲುಗಿನವರು ಎಲ್ಲ. ನಿನ್ನೆ ನಾನೂ ಸ್ಟಾಫ್ ರೂಮಿನಲ್ಲಿ ಹಾಗೇ ಹೇಳಿಬಿಟ್ಟೆ.’ ಇದನ್ನು ಗ್ರೂಪಿಗೆ ಹಾಕಲಿಲ್ಲ. ಹೆಂಡತಿಗೆ ಓದಿ ಹೇಳಿದೆ. ಇಬ್ಬರೂ ನಗಲು ಶುರುಮಾಡಿದವರು ನಿಲ್ಲಿಸಲಾಗದೆ ಒದ್ದಾಡಿದೆವು.

ಅದೇ ಭಾನುವಾರ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆವು. ಹೆಸರು ಮೊಳೆತಿದೆ, ಅಪ್ಪನ ಮೊಣಕಾಲು ಹಾಗೇ ಇದೆ. ಮಗಳು ತಾನು ಮಾಡಿದ ಕಾಗದದ ಮೀನನ್ನು ಮೊಬೈಲಿಗೆ ಒತ್ತಿ ತೋರಿಸುತ್ತಿದ್ದವಳು ತಟ್ಟನೆ ನಿಂತು, “ಆಯಿ, ವಾಶ್‌ರೂಮ್” ಎಂದು ಓಡಿದಳು.

“ಏನಂತು ಕೂಸು?” ಎಂದಳು ಅವ್ವ.

“ಒಂದಕ್ಕ ಹೋತವ್ವ.”

“ಹಂಗ ಅನ್ನಾಕ ಬರೂದಿಲ್ಲೇನ ಈಗ ಅದಕ್ಕ?”

ನಾನು ಸುಮ್ಮನಿದ್ದೆ. ಬರುತ್ತದೆ, ಶಾಲೆಯಲ್ಲಿ ಹದಿನೆಂಟು ಮಕ್ಕಳಿಗೆ ಕಲಿಸಿದ್ದಾಳೆ ಎಂದು ಹೇಳಬಹುದಿತ್ತು. ಆದರೆ ಅವಳು ಕೇಳಿದ್ದು ಅದನ್ನಲ್ಲ. ಅವ್ವನ ಮುಖ ಪರದೆಯಲ್ಲಿ ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ನೆಟ್‌ವರ್ಕು ಹೋಯಿತೇನೋ ಎಂದುಕೊಂಡೆ.

“ಇನ್ನ ಏನೇನ ಕಲತೈತಿ ಅದು? ಹಬ್ಬಕ್ಕ ಬಂದಾಗ ನನಗ ತಿಳೀಬೇಕಲ್ಲ” ಎಂದಳು ಆಮೇಲೆ. ಅವ್ವ ನಾಲ್ಕನೆತ್ತೆ ಓದಿದವಳು.

“ಹೇಳತೇನಿ, ಬರಕೋತಿಯೇನ?”

“ತಡಿ, ಪೆನ್ನ ತರತೇನಿ” ಎಂದು ಮೊಬೈಲನ್ನು ಎಲ್ಲೋ ಒರಗಿಸಿಟ್ಟು ಎದ್ದುಹೋದಳು. ಪರದೆಯಲ್ಲಿ ನಮ್ಮ ಮನೆಯ ಜಂತಿ ಕಾಣುತ್ತಿತ್ತು. ದೂರದಲ್ಲಿ ಡಬ್ಬಿಗಳನ್ನು ತೆಗೆದು ಹಾಕುವ ಸದ್ದು. ಇತ್ತ ಬಚ್ಚಲಿನಿಂದ ಮಗಳು ಆಯಿ ಹೊಡೆಯುತ್ತಿದ್ದ ಹಾಗೇ ಸ್ಸ್ ಎಂದು ತನಗೆ ತಾನೇ ಸೀಟಿ ಹೊಡೆದುಕೊಳ್ಳುತ್ತಿದ್ದಳು.